ಯಾವ ದ್ವೀಪಕ್ಕ ಹೋಗಾಮು, ದೋಸ್ತ?

ಈ ವಾರದ ಟಪಾಲಿನಲ್ಲಿ ನಾಯಕಿಯ ವಿಳಾಸ ಕೇಳಿದವರು ಇಲ್ಲ. ಯಾವ ಹೀರೋ ದೊಡ್ಡವನು ಎಂದು ಜಗಳ ತೆಗೆದವರೂ ಇಲ್ಲ. ವಾಡಿಯಿಂದ ಐವರು ಗೆಳೆಯರು ಒಂದೇ ಹಾಳೆಯಲ್ಲಿ ಸಹಿ ಹಾಕಿ ಬರೆದಿದ್ದಾರೆ. ಒಬ್ಬ ಸಿಮೆಂಟ್ ಚೀಲ ಲೋಡ್ ಮಾಡುವವ, ಒಬ್ಬ ಶಹಾಬಾದಿನಲ್ಲಿ ಪರ್ಸಿ ಕೊಯ್ಯುವ ಮಷೀನಿನವ, ಒಬ್ಬ ಚಿತ್ತಾಪುರದಲ್ಲಿ ಮೊಬೈಲ್ ಅಂಗಡಿಯವ, ಉಳಿದಿಬ್ಬರು ಕಾಲೇಜು. ಪತ್ರ ಹೀಗಿದೆ:

"ಸಿನಿಮಾದಾಗ ಹೀರೋ ಹಾಯಿದೋಣಿ ಏರಿ ದ್ವೀಪಕ್ಕ ಹೋಗ್ತಾನ್ರಿ. ನಾವೂ ಒಮ್ಮಿ ಹೋಗಬೇಕಂತ ಮಾಡೀವಿ. ರೊಕ್ಕ ಕೂಡಿಸೀವಿ. ನಾಕು ದಿನ ಸೂಟಿ ಅದ. ಯಾವ ದ್ವೀಪ ಛಲೋ, ನೀವೇ ಹೇಳ್ರಿ. ಐದು ಮಂದ್ಯಾಗ ಇಬ್ಬರಿಗಷ್ಟೇ ಈಜು ಬರ್ತದ."

ಆ ಕೊನೆಯ ಸಾಲು ಇದೆಯಲ್ಲ ಗೆಳೆಯರೇ, ಅದಕ್ಕಾಗಿಯೇ ಈ ವಾರ ಪುಟ ಪೂರ್ತಿ ಈ ಐವರಿಗೆ! ಸೇಡಂ, ಚಿಂಚೋಳಿಯ ಮಿತ್ರರೂ ಓದಿಕೊಳ್ಳಬಹುದು. ಯಾಕೆಂದರೆ ಕಡಲಿನ ವಿಷಯದಲ್ಲಿ ನಾವೆಲ್ಲರೂ ಒಂದೇ ಕ್ಲಾಸು. ನಮ್ಮ ಕಡೆ ನೀರೆಂದರೆ ಕಾಗಿಣಾ, ಭೀಮಾ, ಮುಲ್ಲಾಮಾರಿ. ಬೇಸಿಗೆ ಬಂತೆಂದರೆ ಅಲ್ಲೂ ಮರಳೇ ಹೆಚ್ಚು.

ತೆರೆಯ ಮೇಲಿನ ದ್ವೀಪ

ದ್ವೀಪದ ಹುಚ್ಚು ನಮಗೆ ಹಿಡಿಸಿದ್ದು ಬೆಳ್ಳಿತೆರೆಯೇ. 1978ರಲ್ಲಿ 'ಸಿಂಗಾಪೂರಿನಲ್ಲಿ ರಾಜಾ ಕುಳ್ಳ' ಬಂತು. ವಿಷ್ಣುವರ್ಧನ್, ದ್ವಾರಕೀಶ್ ಜೋಡಿ ಕನ್ನಡದವರನ್ನು ಕಡಲಾಚೆಗೆ ಕರೆದುಕೊಂಡು ಹೋಯಿತು. ಸಿಂಗಾಪುರವೂ ಒಂದು ದ್ವೀಪವೇ ಅಲ್ಲವೇ? 1987ರಲ್ಲಿ ಶಂಕರ್‌ನಾಗ್ ನಿರ್ದೇಶನದ 'ಒಂದು ಮುತ್ತಿನ ಕಥೆ'ಯಲ್ಲಿ ಅಣ್ಣಾವ್ರು ಮುತ್ತಿಗಾಗಿ ಸಮುದ್ರಕ್ಕೆ ಇಳಿದರು. 2014ರ 'ಉಳಿದವರು ಕಂಡಂತೆ' ಮಲ್ಪೆಯ ಬಂದರನ್ನು ಕರ್ನಾಟಕದ ಮನೆಮನೆಗೆ ಮುಟ್ಟಿಸಿತು. 2023ರಲ್ಲಿ 'ಸಪ್ತ ಸಾಗರದಾಚೆ ಎಲ್ಲೋ' ಎಂಬ ಹೆಸರು ಕೇಳಿದರೇ ಸಾಕು, ನಮ್ಮ ಹುಡುಗರ ಎದೆಯಲ್ಲಿ ಅಲೆ!

ಆದರೆ ತೆರೆಯ ಮೇಲೆ ಒಂದು ಸಂಗತಿ ಕಾಣುವುದಿಲ್ಲ. ಹೀರೋ ಕೂತ ದೋಣಿಯ ಪಕ್ಕದಲ್ಲಿ ಕ್ಯಾಮರಾದ ದೋಣಿ ಇರುತ್ತದೆ. ಅದರಲ್ಲಿ ಈಜುಗಾರರು, ಹಗ್ಗ, ಟ್ಯೂಬು ಇರುತ್ತವೆ. ಅಲೆ ಜೋರಾದರೆ ಡೈರೆಕ್ಟರು "ಪ್ಯಾಕಪ್" ಅನ್ನುತ್ತಾರೆ. ಹಾರುವ ಶಾಟ್‌ಗೆ ಡ್ಯೂಪ್ ಇರುತ್ತಾನೆ. ಸರಿ ಬರದಿದ್ದರೆ ಇನ್ನೊಂದು ಟೇಕು. ಹೀರೋಗೆ ಹತ್ತು ಟೇಕ್ ಉಂಟು. ಟಿಕೆಟ್ ಕೊಟ್ಟು ದೋಣಿ ಹತ್ತಿದ ನಿಮಗೂ ನನಗೂ ಒಂದೇ ಟೇಕು. ದ್ವೀಪ ಆರಿಸುವ ಮೊದಲು ಇಷ್ಟು ತಿಳಿದಿರಲಿ.

ಹಾಯಿ ಎಲ್ಲದ?

ಮೊದಲು ಒಂದು ಕಹಿ ಸತ್ಯ ನುಂಗಿಬಿಡಿ. ಕರ್ನಾಟಕದ ದ್ವೀಪಗಳಿಗೆ ಪ್ರವಾಸಿಗಳನ್ನು ಒಯ್ಯುವುದು ಮಷೀನ್ ದೋಣಿ. ಬಿಳಿ ಹಾಯಿ ಬಿಚ್ಚಿ, ಒಂದು ದ್ವೀಪದಿಂದ ಇನ್ನೊಂದಕ್ಕೆ ವಾರಗಟ್ಟಲೆ ತೇಲಿಕೊಂಡು ಹೋಗುವ ರಜೆ ನೀವು ನೋಡಿದ್ದು ಗ್ರೀಸ್, ಕ್ರೊಯೇಷಿಯಾ ಕಡೆಯದು. ಕ್ರೊಯೇಷಿಯಾ ಒಂದಕ್ಕೇ ಸಾವಿರಕ್ಕೂ ಹೆಚ್ಚು ದ್ವೀಪ, ಬಂಡೆಗಳಿವೆ. ಬೆಳಿಗ್ಗೆ ಒಂದು ದ್ವೀಪ, ಸಂಜೆ ಇನ್ನೊಂದು. ರಾತ್ರಿ ದೋಣಿ ಕಟ್ಟಲು ಕಟ್ಟೆ, ಊಟಕ್ಕೆ ಹೋಟೆಲು. ಅಲ್ಲಿಗೆ ಹೋಗುವವರು ದ್ವೀಪದ ಚೆಲುವನ್ನು ಮೊದಲು ನೋಡುವುದಿಲ್ಲ. ನಕ್ಷೆ ಹಿಡಿದು ದೂರ, ಗಾಳಿಯ ದಿಕ್ಕು, ರಾತ್ರಿ ದೋಣಿ ನಿಲ್ಲಿಸುವ ಜಾಗ, ಈ ಮೂರನ್ನು ನೋಡುತ್ತಾರೆ.

ಯಾಕೆ? ಹಾಯಿದೋಣಿ ನಮ್ಮ ಬುಲೆಟ್ ಗಾಡಿಯಲ್ಲ. ಗಂಟೆಗೆ ಹತ್ತು ಕಿಲೋಮೀಟರ್ ಹೋದರೆ ಶಾಭಾಷ್. ಎದುರು ಗಾಳಿ ಬಂದರೆ ನೇರ ಹೋಗಲಾಗದು. ಘಾಟಿನ ರಸ್ತೆಯ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿ ಹೊರಳಿ ಹೋಗಬೇಕು. ನಕ್ಷೆಯಲ್ಲಿ ಇಪ್ಪತ್ತು ಕಿಲೋಮೀಟರ್ ಕಂಡದ್ದು ನೀರಿನಲ್ಲಿ ಮೂವತ್ತು ಆದೀತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲ, ಬೇಸಿಗೆಯ ಮುಂಜಾನೆ ಕಡಲು ಸಾಮಾನ್ಯವಾಗಿ ತಣ್ಣಗಿರುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನ ಕಡಲಿನ ಕಡೆಯಿಂದ ಗಾಳಿ ಬೀಸತೊಡಗುತ್ತದೆ, ಅಲೆ ಏಳುತ್ತದೆ. ಹಾಯಿ ಇರಲಿ, ಮಷೀನ್ ಇರಲಿ, ಮುಂಜಾನೆ ಹೋಗಿ ಮಧ್ಯಾಹ್ನದೊಳಗೆ ಬರುವವನೇ ಜಾಣ.

ಹಾಯಿಯ ಹುಚ್ಚು ಬಿಡುವುದೇ ಇಲ್ಲ ಅನ್ನುವವರಿಗೂ ದಾರಿ ಇದೆ. ಮುಂಬೈ, ಗೋವಾಗಳಲ್ಲಿ ಹಾಯಿ ಕಟ್ಟುವುದನ್ನು ಕಲಿಸುವ ಕ್ಲಬ್ಬುಗಳಿವೆ. ಬಯಲುಸೀಮೆಯವರಿಗೆ ಇದು ಆಗದ ಮಾತು ಅನ್ನಬೇಡಿ. 1985ರಿಂದ 1987ರವರೆಗೆ 'ತೃಷ್ಣಾ' ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದವರು ನೌಕಾಪಡೆಯವರಲ್ಲ, ಭೂಸೇನೆಯ ಇಂಜಿನಿಯರುಗಳು! ಆಮೇಲೆ 2012-13ರಲ್ಲಿ ಅಭಿಲಾಷ್ ಟೋಮಿ ಒಬ್ಬರೇ, ಎಲ್ಲಿಯೂ ನಿಲ್ಲದೆ, ಐದು ತಿಂಗಳು ಹಾಯಿ ಬಿಚ್ಚಿ ಜಗತ್ತು ಸುತ್ತಿದರು. ಅವರ ದೋಣಿಯ ಹೆಸರು 'ಮ್ಹಾದೇಯಿ'. ಹೌದ್ರಿ, ನಾವು ಪೇಪರಿನಲ್ಲಿ ದಿನಾ ಓದುವ ಅದೇ ಮಹದಾಯಿ! 2017-18ರಲ್ಲಿ ಆರು ಮಂದಿ ಹೆಣ್ಣುಮಕ್ಕಳು 'ತಾರಿಣಿ'ಯಲ್ಲಿ ಸುತ್ತಿ ಬಂದರು. ಇವರೆಲ್ಲರೂ ತಿಂಗಳುಗಟ್ಟಲೆ ಕಲಿತೇ ಹೊರಟವರು ಎಂಬುದನ್ನು ಮಾತ್ರ ಮರೆಯಬಾರದು.

ಇರಲಿ. ನಮ್ಮ ಐವರಿಗೆ ನಾಕು ದಿನ ಸೂಟಿ. ಪಟ್ಟಿ ತೆಗೆಯೋಣ.

ಮಲ್ಪೆ: ಕಲ್ಲಿನವರಿಗೆ ಕಲ್ಲಿನ ದ್ವೀಪ

ಉಡುಪಿಯ ಪಕ್ಕದ ಮಲ್ಪೆಯಿಂದ ಆರೇಳು ಕಿಲೋಮೀಟರ್ ಕಡಲೊಳಗೆ ಸೇಂಟ್ ಮೇರೀಸ್ ದ್ವೀಪಗಳು. ಒಂದಲ್ಲ, ಒಂದು ಗುಂಪು. ಪ್ರವಾಸಿಗಳು ಇಳಿಯುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ. ದೋಣಿಯಲ್ಲಿ ಅರ್ಧ ಗಂಟೆಯ ಮಾತು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಹೆಸರಿಟ್ಟ ಎಂದು ಹೇಳುತ್ತಾರೆ.

ಆದರೆ ನಮ್ಮವರು ಅಲ್ಲಿ ನೋಡಬೇಕಾದದ್ದು ಗಾಮಾನನ್ನಲ್ಲ, ಕಲ್ಲನ್ನು! ಪರ್ಸಿ ಸೀಮೆಯಲ್ಲಿ ಹುಟ್ಟಿದವನಿಗೆ ಕಲ್ಲಿನ ಪರಿಚಯ ಬೇರೆಯವರಿಗಿಂತ ಹೆಚ್ಚು. ನಮ್ಮ ಖಣಿಯಲ್ಲಿ ಕಲ್ಲು ಹಾಸು ಹಾಸಾಗಿ, ಹೋಳಿಗೆ ಪೇರಿಸಿಟ್ಟ ಹಾಗೆ ಮಲಗಿರುತ್ತದೆ. ಅಲ್ಲಿ ಕಲ್ಲು ನಿಂತಿದೆ. ಐದು ಮೂಲೆ, ಆರು ಮೂಲೆಯ ಕಂಬಗಳು, ಯಾರೋ ಉಳಿಯಿಂದ ಕಡೆದು ಸಾಲಾಗಿ ನಿಲ್ಲಿಸಿದ ಹಾಗೆ. ಕಡೆದವರು ಯಾರೂ ಇಲ್ಲ. ಸುಮಾರು ಎಂಟೂವರೆ ಕೋಟಿ ವರ್ಷಗಳಷ್ಟು ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಹರಿದುಕೊಂಡು ದೂರ ಸರಿಯುತ್ತಿದ್ದ ಕಾಲದಲ್ಲಿ, ಭೂಮಿಯೊಳಗಿನಿಂದ ಬೆಂಕಿಯ ರಸ ಉಕ್ಕಿತು. ಅದು ತಣ್ಣಗಾಗುತ್ತ ಕುಗ್ಗಿ ಬಿರುಕು ಬಿಟ್ಟಿತು. ಕೆರೆಯ ಕೆಸರು ಒಣಗಿದಾಗ ಬಿಲ್ಲೆ ಬಿಲ್ಲೆಯಾಗಿ ಒಡೆಯುವುದಿಲ್ಲವೇ? ಹಾಗೆಯೇ. ಆ ಬಿರುಕು ಆಳಕ್ಕೆ ಇಳಿದು ಕಂಬಗಳಾದವು. ಸರ್ಕಾರ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಕರೆದಿದೆ.

ಇನ್ನೊಂದು ಮಾತು ಕೇಳಿ. ನಮ್ಮ ಶಹಾಬಾದ್ ಪರ್ಸಿ ಹುಟ್ಟಿದ್ದು ಎಲ್ಲಿ ಗೊತ್ತೇ? ಕಡಲಿನ ತಳದಲ್ಲಿ! ಐವತ್ತು ಕೋಟಿ ವರ್ಷಕ್ಕೂ ಹಿಂದೆ ಈ ಸೀಮೆಯ ಮೇಲೆ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ವಾಡಿ, ಸೇಡಂ ಕಡೆಯ ಕಾರ್ಖಾನೆಗಳಲ್ಲಿ ಸುಟ್ಟು ಸಿಮೆಂಟ್ ಮಾಡುವುದು ಅದೇ ಹಳೆಯ ಕಡಲನ್ನು. ಹಾಗಾಗಿ ಕಡಲು ನೋಡದವರು ಎಂದು ಯಾರಾದರೂ ನಕ್ಕರೆ, "ನಾವು ಕಡಲಿನ ಮ್ಯಾಲೇ ಮನಿ ಕಟ್ಟೀವಿ" ಅಂತ ಹೇಳಿ ಬನ್ನಿ.

ಮಲ್ಪೆಯ ಅನುಕೂಲ ಏನು? ದೂರ ಕಡಿಮೆ. ದೋಣಿಗಳು ಹೆಚ್ಚು. ದ್ವೀಪದ ಮೇಲೆ ಇಳಿಯಬಹುದು, ಸಂಜೆಗೆ ಹೊರಳಿ ಬರಲೇಬೇಕು, ರಾತ್ರಿ ಉಳಿಯುವಂತಿಲ್ಲ. ಅಪಾಯ ಏನು? ಅದೇ ಕಂಬದ ಕಲ್ಲು! ಅಲೆ ಬಡಿದ ಕಡೆ ಪಾಚಿ ಕಟ್ಟಿ ಎಣ್ಣೆ ಸವರಿದಂತೆ ಜಾರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲೇ ನೀರುಪಾಲಾದರು. ನಿಮ್ಮದೇ ವಯಸ್ಸು. ನೀರಿನಂಚಿನ ಬಂಡೆಯ ತುದಿಯಲ್ಲಿ ನಿಂತು ಫೋಟೋ ಬೇಡ. ನಡುವೆ ನಿಂತು ತೆಗೆಸಿಕೊಂಡರೂ ಮುಖ ಅದೇ ಬರುತ್ತದೆ!

ನೇತ್ರಾಣಿ: ಅಪ್ಪು ಮುಳುಗಿದ ನೀಲಿ

ಮುರುಡೇಶ್ವರದಿಂದ ಹತ್ತು ನಾಟಿಕಲ್ ಮೈಲಿ, ಅಂದರೆ ಹತ್ತೊಂಬತ್ತು ಕಿಲೋಮೀಟರಿನಷ್ಟು ದೂರದಲ್ಲಿ ನೇತ್ರಾಣಿ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಹಾಗಾಗಿ ಪ್ರೇಮಿಗಳ ಮೊಬೈಲ್ ತುಂಬ ಇದರದೇ ಚಿತ್ರ. ಪಾರಿವಾಳ ದ್ವೀಪ ಎಂದೂ ಕರೆಯುತ್ತಾರೆ. ನೌಕಾಪಡೆಯವರು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪವಿದು. ಪ್ರವಾಸಿಗಳು ಹೋಗುವುದು ದಡ ಹತ್ತಲಿಕ್ಕಲ್ಲ. ಸುತ್ತಲಿನ ನೀರಿಗೆ ಇಳಿಯಲಿಕ್ಕೆ. ಹವಳ, ಬಣ್ಣಬಣ್ಣದ ಮೀನು, ಅದೃಷ್ಟ ಇದ್ದರೆ ಆಮೆ.

ಅಭಿಮಾನಿಗಳಿಗೆ ಇದರ ನಂಟು ಬೇರೆಯೇ. ಪುನೀತ್ ರಾಜ್‌ಕುಮಾರ್ ತಮ್ಮ ಕೊನೆಯ ಚಿತ್ರ 'ಗಂಧದ ಗುಡಿ'ಗಾಗಿ ನೀರಿಗಿಳಿದದ್ದು ಇಲ್ಲೇ. ಅಪ್ಪು ನಮ್ಮನ್ನು ಅಗಲಿದ್ದು 2021ರ ಅಕ್ಟೋಬರ್ 29ರಂದು; ಚಿತ್ರ ತೆರೆಗೆ ಬಂದದ್ದು 2022ರ ಅಕ್ಟೋಬರ್ 28ರಂದು. ಫೈಟಿಲ್ಲ, ಮೇಕಪ್ಪಿಲ್ಲ, ತಾನಾಗಿಯೇ ಕಾಡು, ಕಡಲು ಸುತ್ತುವ ಅಪ್ಪು. ನಿರ್ದೇಶಕರ ಹೆಸರು ಅಮೋಘವರ್ಷ. ಸೇಡಂ ತಾಲ್ಲೂಕಿನವರು ಕಾಲರ್ ಮೇಲೆತ್ತಬಹುದು. ನಮ್ಮ ಮಳಖೇಡದ ರಾಷ್ಟ್ರಕೂಟ ಚಕ್ರವರ್ತಿಯ ಹೆಸರೇ ಅದು! ಆ ಅಮೋಘವರ್ಷನ ಕಾಲದಲ್ಲಿ, 851ರಲ್ಲಿ, ಸುಲೈಮಾನ್ ಎಂಬ ಅರಬ್ ವ್ಯಾಪಾರಿಯ ಬರಹ ಅವನನ್ನು ಜಗತ್ತಿನ ನಾಲ್ಕು ದೊಡ್ಡ ಅರಸರ ಸಾಲಿಗೆ ಸೇರಿಸಿತು. ಕಡಲು ದಾಟಿ ಬಂದವರ ಬಾಯಲ್ಲಿ ನಮ್ಮೂರಿನ ರಾಜನ ಹೆಸರು ಓಡಾಡಿತ್ತು ಎಂದರೆ ಸಣ್ಣ ಮಾತಲ್ಲ.

ಮತ್ತೆ ನೀರಿಗೆ ಬನ್ನಿ. ಅಪ್ಪು ಎಷ್ಟು ಗಟ್ಟಿ ದೇಹದವರು, ಎಂಥ ಸಾಹಸಿ! ಅವರು ಬರಿಮೈಯಲ್ಲಿ "ಹೇ" ಎಂದು ಹಾರಲಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಕನ್ನಡಕ, ಜೊತೆಗೆ ಬಲ್ಲವರು. ಹೇಳಿಕೊಟ್ಟದ್ದನ್ನು ಕೇಳಿಯೇ ಇಳಿದರು. ಪವರ್ ಸ್ಟಾರ್‌ಗೆ ಇಲ್ಲದ ನಾಚಿಕೆ ನಮಗ್ಯಾಕ್ರಿ ಲೈಫ್ ಜಾಕೆಟ್ ಹಾಕಲಿಕ್ಕೆ? ನನ್ನ ಪ್ರಕಾರ ಆ ಚಿತ್ರದಲ್ಲಿ ಅಭಿಮಾನಿ ಕಲಿಯಬೇಕಾದ ಪಾಠ ಇದೇ.

ಮುರುಡೇಶ್ವರದ ಡೈವಿಂಗ್ ತಂಡಗಳು ಈಜು ಬಾರದವರನ್ನೂ ತರಬೇತುದಾರರ ಕೈಹಿಡಿತದಲ್ಲಿ ಇಳಿಸುವುದುಂಟು. ಆದರೂ ಮೊದಲ ಸಲ ಕಡಲು ನೋಡುವವರು ಒಂದೂವರೆ, ಎರಡು ಗಂಟೆ ದೋಣಿಯಲ್ಲಿ ತೂಗಾಡಿ ಹೋಗುವುದು ಸುಲಭವಲ್ಲ. ಹೊಟ್ಟೆ ತೊಳಸುತ್ತದೆ. ಉಬ್ಬಸ, ಹೃದಯದ ತೊಂದರೆ, ಕಿವಿ ನೋವು ಇದ್ದವರು ಮುಚ್ಚಿಡದೆ ಹೇಳಬೇಕು. ಖರ್ಚೂ ಹೆಚ್ಚು. ಇದು ಎರಡನೆಯ ವರ್ಷದ ಪ್ರವಾಸ. ಮೊದಲನೆಯದಲ್ಲ.

ಕಾರವಾರ: ಚೆಲುವೂ ಹೌದು, ಎಚ್ಚರಿಕೆಯೂ ಹೌದು

ಹುಬ್ಬಳ್ಳಿಯಿಂದ ಯಲ್ಲಾಪುರದ ಕಾಡು, ಅರಬೈಲ್ ಘಟ್ಟ ಇಳಿದು ಹೋಗುವ ಬಸ್ಸಿನ ಕಿಟಕಿ ಸಿಕ್ಕರೆ ಅರ್ಧ ಪ್ರವಾಸ ಅಲ್ಲೇ ಆಯಿತು. ಕಾರವಾರದ ಎದುರಿಗೆ ಆಮೆಯ ಬೆನ್ನಿನಂತೆ ಕಾಣುವುದು ಕೂರ್ಮಗಡ. ಮೇಲೆ ನರಸಿಂಹನ ಗುಡಿ. ಪುಷ್ಯ ಹುಣ್ಣಿಮೆಗೆ ಜಾತ್ರೆ. ಇನ್ನೊಂದು ದ್ವೀಪದಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭ. ಅಂಜದೀವ್ ನೌಕಾಪಡೆಯ ವಶದಲ್ಲಿದೆ, ಅಲ್ಲಿಗೆ ಪ್ರವೇಶ ಇಲ್ಲ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಅದನ್ನು ಬಿಡಿಸಿದ ಕಾಳಗದಲ್ಲಿ ಪಾಲ್ಗೊಂಡ ಯುದ್ಧನೌಕೆಗಳಲ್ಲಿ ಒಂದರ ಹೆಸರು 'ಮೈಸೂರು'. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಆ ಕಡೆ ದೋಣಿ ಹೋಗುವಾಗ ಕ್ಯಾಮರಾ ಒಳಗಿಡಿ, ಮನಸ್ಸಿನಲ್ಲೇ ಒಂದು ಸೆಲ್ಯೂಟ್ ಹೊಡೆಯಿರಿ.

ಈಗ ಈ ಪುಟದ ಭಾರವಾದ ಭಾಗ. 2019ರ ಜನವರಿ 21. ಕೂರ್ಮಗಡದ ಜಾತ್ರೆ. ದೇವರ ದರ್ಶನ ಮುಗಿಸಿ ಹೊರಳಿ ಬರುತ್ತಿದ್ದ ದೋಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ. ದೋಣಿ ಮಗುಚಿತು. ಹದಿನಾರು ಮಂದಿ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯ ಕಡೆಯಿಂದ ಬಂದವರು, ಮಕ್ಕಳೂ ಇದ್ದರು. ನಮ್ಮ ಹಾಗೆಯೇ ಬಯಲುಸೀಮೆಯವರು, ನಮ್ಮ ಹಾಗೆಯೇ ಕಡಲು ನೋಡಲೆಂದು ಬುತ್ತಿ ಕಟ್ಟಿಕೊಂಡು ಬಂದವರು.

ದೋಣಿ ಯಾಕೆ ಮಗುಚುತ್ತದೆ? ಜನ ಹೆಚ್ಚಾದಷ್ಟು ದೋಣಿ ನೀರಿಗೆ ಇಳಿಯುತ್ತದೆ, ಅಂಚಿಗೂ ನೀರಿಗೂ ನಡುವೆ ಗೇಣು ಉಳಿಯುತ್ತದೆ. ಆಗ ಸಣ್ಣ ಅಲೆಯೂ ಒಳಗೆ ಬರುತ್ತದೆ. ಒಳಗೆ ಬಂದ ನೀರು ಸುಮ್ಮನೆ ಕೂರುವುದಿಲ್ಲ. ದೋಣಿ ವಾಲಿದ ಕಡೆಗೇ ಓಡುತ್ತದೆ. ಜನ ಹೆದರಿ ಎದ್ದು ನಿಲ್ಲುತ್ತಾರೆ. ನಿಂತಷ್ಟೂ ಭಾರ ಮೇಲಕ್ಕೇರುತ್ತದೆ. ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ ಮುಗಿಯಿತು. ಪಾತ್ರೆಯಲ್ಲಿ ತಟ್ಟೆ ತೇಲಿಬಿಟ್ಟು ಒಂದು ಕಡೆ ಕಲ್ಲಿಟ್ಟು ನೋಡಿ, ಪಿಯುಸಿಗೆ ಶರಣು ಹೊಡೆದ ನಮ್ಮಂಥವರಿಗೂ ತಿಳಿಯುತ್ತದೆ.

ಕಾರವಾರಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಜಾತ್ರೆಯ ನೂಕುನುಗ್ಗಲಿನ ದಿನ ಬಿಟ್ಟು, ಅನುಮತಿ ಇರುವ ದೋಣಿಯಲ್ಲಿ, ಎಣಿಸಿ ಕೂತ ಜನರ ಜೊತೆ ಹೋಗಿ.

ವಾಡಿಯಿಂದ ನೇರ ರೈಲು: ಘಾರಾಪುರಿ

ನಮ್ಮ ಐವರಿಗೆ ಒಂದು ಅನುಕೂಲ ಇದೆ. ಉಡುಪಿ, ಕಾರವಾರಕ್ಕೆ ಹೋಗಲು ಬಸ್ಸು ಬದಲಿಸಿ ಸೊಂಟ ಮುರಿದುಕೊಳ್ಳಬೇಕು. ಮುಂಬೈಗೋ? ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಗಾಗುವಾಗ ಮುಂಬೈ. ಆರುನೂರು ಕಿಲೋಮೀಟರಿನಷ್ಟು ದಾರಿ. ಚಿಂಚೋಳಿಯವರಿಗೆ ಮಾತ್ರ ಊರಿನಲ್ಲಿ ರೈಲಿಲ್ಲ, ತಾಂಡೂರಿಗೋ ಕಲಬುರಗಿಗೋ ಬರಬೇಕು. ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಿಂದ ಲಾಂಚ್ ಹತ್ತಿದರೆ ಒಂದು ಗಂಟೆಯಲ್ಲಿ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ. ಸಾವಿರಾರು ಹಿಂದಿ ಚಿತ್ರಗಳ ನಾಯಕರು ಊರು ಬಿಟ್ಟು ಬಂದು ನಿಂತ ಮುಂಬೈ ಅಲ್ಲವೇ? ಲಾಂಚಿನಿಂದ ಆ ಊರನ್ನು ಕಡಲ ಕಡೆಯಿಂದ ನೋಡುವುದೇ ಒಂದು ದೊಡ್ಡ ಶಾಟ್.

ದ್ವೀಪದ ಗುಡ್ಡ ಕೊರೆದು ಮಾಡಿದ ಗುಹೆಯಲ್ಲಿ ಮೂರು ಮುಖದ ಶಿವ, ಇಪ್ಪತ್ತು ಅಡಿಯಷ್ಟು ಎತ್ತರ. ಸಾವಿರದ ನಾನೂರು ವರ್ಷಕ್ಕೂ ಹಳೆಯದು ಎನ್ನುತ್ತಾರೆ ಬಲ್ಲವರು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೋಮವಾರ ಗುಹೆ ಬಂದ್, ನೆನಪಿಡಿ. ಇಲ್ಲದಿದ್ದರೆ ಮಂಗಗಳ ಜೊತೆ ಫೋಟೋ ತೆಗೆಸಿಕೊಂಡು ಬರಬೇಕಾದೀತು!

ಆದರೆ ಇಲ್ಲಿಯೂ ಒಂದು ದಿನಾಂಕ ಬರೆದಿಡಿ. 2024ರ ಡಿಸೆಂಬರ್ 18. ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಇದೇ ದ್ವೀಪಕ್ಕೆ ಹೊರಟಿದ್ದ ಲಾಂಚಿಗೆ, ಇಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ವೇಗದ ದೋಣಿ ಹತೋಟಿ ತಪ್ಪಿ ಗುದ್ದಿತು. ಹದಿನೈದು ಜನ ಸತ್ತರು. ತಪ್ಪು ಪ್ರಯಾಣಿಕರದಲ್ಲ. ಆದರೆ ಜಾಕೆಟ್ ಮೈಮೇಲೆ ಇದ್ದವನಿಗೆ ಒಂದು ಅವಕಾಶ ಇರುತ್ತದೆ. ಅದಾದ ಮೇಲೆ ಅಲ್ಲಿ ಲೈಫ್ ಜಾಕೆಟ್ ಕಡ್ಡಾಯ ಮಾಡಿದರು. ಪ್ರತಿ ನಿಯಮದ ಹಿಂದೆ ಯಾರದೋ ಮನೆಯ ಅಳು ಇರುತ್ತದೆ, ಮಿತ್ರರೇ.

ಮನಿ ಹತ್ತಿರದ ಗಡ್ಡಿ

ಕಡಲಿಗೆ ಹೋಗಲು ರೊಕ್ಕ ಸಾಲದವರು ಕೃಷ್ಣೆಯ ನಡುಗಡ್ಡೆಗಳನ್ನು ನೆನೆಯಬಹುದು. ವಾಡಿಯಿಂದ ರಾಯಚೂರಿಗೆ ನೇರ ರೈಲು. ರಾಯಚೂರಿನ ಕಡೆ ಕೃಷ್ಣೆಯ ನಡುವೆ ಕುರುವಪುರ, ದತ್ತಾತ್ರೇಯ ಭಕ್ತರ ಯಾತ್ರಾಸ್ಥಳ. ಹೊಳೆ ಶಾಂತವಾಗಿದ್ದಾಗ ದಾಟುವುದು ಒಂದು ಸೊಗಸು. ಮೇಲೆ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೋ, ಅದೇ ಹೊಳೆಯ ಮುಖವೇ ಬೇರೆ. 2020ರ ಆಗಸ್ಟಿನಲ್ಲಿ ಆ ಭಾಗದಲ್ಲೇ ಹರಿಗೋಲು ಮಗುಚಿ ಜನ ಕೊಚ್ಚಿಹೋದರು. ಮಳೆಗಾಲದಲ್ಲಿ ಆ ಕಡೆ ತಲೆ ಹಾಕಬೇಡಿ.

ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ಹೆಸರು ನೀವು ಪೇಪರಿನಲ್ಲಿ ಓದಿರಬೇಕು. ಹೊಳೆ ತುಂಬಿದಾಗ ದಾರಿ ಕಡಿದು, ದವಾಖಾನೆಗೂ ಸಂತೆಗೂ ಹೋಗಲಾಗದೆ ಕೂತ ಜನರ ಊರು ಅದು. ನಮಗೆ ದ್ವೀಪ ಎಂದರೆ ಮೋಜು. ಅವರಿಗೆ ದ್ವೀಪ ಎಂದರೆ ಊರು. ನೀರಿನ ಹತ್ತಿರ ಬದುಕಿದವರು ನೀರಿಗೆ ಮರ್ಯಾದೆ ಕೊಡುತ್ತಾರೆ. ಅವರ ಮುಂದೆ ಹೀರೋಗಿರಿ ತೋರಿಸುವವರು ನಾವೇ.

ಕ್ಲೈಮ್ಯಾಕ್ಸ್

ವಾಡಿಯ ಪಂಚಪಾಂಡವರೇ, ಈಗ ತೀರ್ಪು ಕೇಳಿ.

ಮೊದಲ ಪ್ರವಾಸ: ಮಲ್ಪೆಯ ಸೇಂಟ್ ಮೇರೀಸ್. ದೂರ ಕಡಿಮೆ, ಇಳಿದು ನಡೆಯಬಹುದು, ನಿಮ್ಮ ಪರ್ಸಿಯ ಕೈಗೆ ಕಲ್ಲಿನ ಕಥೆಯೂ ಸಿಗುತ್ತದೆ. ಬಸ್ಸು ಒಲ್ಲೆ, ರೈಲೇ ಬೇಕು ಅನ್ನುವಿರಾದರೆ ಘಾರಾಪುರಿ. ಕೂರ್ಮಗಡ ಜಾತ್ರೆಯಿಲ್ಲದ ದಿನ. ನೇತ್ರಾಣಿ ಮುಂದಿನ ವರ್ಷ, ಐವರಿಗೂ ಈಜು ಬಂದ ಮೇಲೆ. ಲಕ್ಷದ್ವೀಪ ಬೇಕೆನ್ನುವವರು ಪ್ರವೇಶದ ಪರವಾನಗಿ ಮೊದಲು ಮಾಡಿಸಬೇಕು. ನಾಕು ದಿನದಲ್ಲಿ ಅದು ಆಗುವ ಹೋಗುವ ಮಾತಲ್ಲ.

ತಿಂಗಳು ಯಾವುದು? ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಜೂನ್ ಬಂತೆಂದರೆ ಕಡಲು ಕೆರಳುತ್ತದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರರ ಮಷೀನ್ ದೋಣಿಗಳಿಗೇ ನಿಷೇಧ. ಕಡಲಲ್ಲೇ ಹುಟ್ಟಿದವನು ದೋಣಿ ದಡಕ್ಕೆ ಎಳೆದಿಟ್ಟಾಗ ನೀವು ಹೋಗಿ "ಡಬಲ್ ರೊಕ್ಕ ಕೊಡ್ತೀವಿ, ನಡಿ" ಅನ್ನಬಾರದು.

ದೋಣಿ ಹತ್ತುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಜನರಿಗೆ ಅನುಮತಿ? ಎಲ್ಲರಿಗೂ ಜಾಕೆಟ್ ಇದೆಯೇ? ದಡಕ್ಕೆ ಇಳಿಸುತ್ತೀರೋ, ಸುತ್ತು ಹಾಕಿಸಿ ತರುತ್ತೀರೋ? ಕೊನೆಯ ದೋಣಿ ಎಷ್ಟು ಹೊತ್ತಿಗೆ? ಕೇಳಿದರೆ ಸಿಟ್ಟಿಗೇಳುವ ದೋಣಿಯವನ ದೋಣಿ ಬೇಡ. ಜಾಕೆಟ್ಟಿನ ಬಕಲ್ಲು ಹಾಕಿ ಬಿಗಿಯಿರಿ. ಅದನ್ನು ಮಡಚಿ ಕುಂಡಿ ಕೆಳಗೆ ಹಾಕಿಕೊಂಡು ಕೂತರೆ ಅದು ಲೈಫ್ ಜಾಕೆಟ್ ಅಲ್ಲ, ಬರೀ ಗಾದಿ! ಮುಂಜಾನೆ ಸುಸಲಾ, ಮಿರ್ಚಿಭಜಿ ಹೊಟ್ಟೆ ಬಿರಿಯ ಹೊಡೆದು ಹತ್ತಬೇಡಿ. ಎರಡು ಇಡ್ಲಿ ಸಾಕು. ಹೊಟ್ಟೆ ತೊಳಸಿದರೆ ಮೊಬೈಲ್ ನೋಡದೆ, ದೂರದಲ್ಲಿ ಆಕಾಶ ನೀರು ಕೂಡುವ ಗೆರೆ ನೋಡಿ. ಕುಡಿದು ಹತ್ತುವುದು ಬೇಡವೇ ಬೇಡ. ಕಡಲಿನಲ್ಲಿ ಆಪತ್ತು ಬಂದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554; ಫೋನಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.

ಮತ್ತೆ ಈಜು. ಹೊರಡಲು ಇನ್ನೂ ಕೆಲವು ತಿಂಗಳು ಇವೆ. ಇಬ್ಬರು ಬಲ್ಲವರು ಮೂವರಿಗೆ ಕಲಿಸಿ. ಆದರೆ ನೀರು ತುಂಬಿದ ಹಳೆಯ ಖಣಿಯಲ್ಲಿ ಖಂಡಿತ ಬೇಡ. ಖಣಿಗೆ ದಡ ಎಂಬುದಿಲ್ಲ. ಕಾಲಿಟ್ಟರೆ ಸೀದಾ ಆಳ, ಹತ್ತಲು ಹಿಡಿಯೂ ಸಿಗದು. ಕಲಬುರಗಿಗೆ ಹೋಗಿ ಈಜುಕೊಳದಲ್ಲಿ ಕಲಿಯಿರಿ, ಇಲ್ಲವೇ ಮೆಟ್ಟಿಲಿರುವ ಬಾವಿಯಲ್ಲಿ, ಹಿರಿಯರು ಮೇಲೆ ಹಗ್ಗ ಹಿಡಿದು ನಿಂತಾಗ. ನೀರಿನ ಮೇಲೆ ಪ್ರೀತಿ ಹುಟ್ಟಿತೋ, ಗೋವಾದಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆ ಇದೆ. ಜೀವರಕ್ಷಕರ, ದೋಣಿ ನಡೆಸುವವರ ತರಬೇತಿ ಕೊಡುತ್ತದೆ. ಸೂಟಿಗೆಂದು ಹೋದ ಹುಡುಗನಿಗೆ ಒಂದು ಕಸುಬೂ ಸಿಕ್ಕೀತು, ಯಾರು ಬಲ್ಲರು!

ಕೊನೆಯ ಮಾತು. ಐವರು ದಕ್ಕೆಯಲ್ಲಿ ನಿಂತಿದ್ದೀರಿ. ಬಂದ ದೋಣಿ ತುಂಬಿ ತುಳುಕುತ್ತಿದೆ. ಹತ್ತಿದವರು ಕೈ ಬೀಸಿ ಕರೆಯುತ್ತಿದ್ದಾರೆ. ದೋಣಿಯವನು "ಬರ್ರಿ, ಏನಾಗಲ್ಲ" ಅನ್ನುತ್ತಾನೆ. ಗೆಳೆಯರೇ "ಅಂಜುಬುರುಕ" ಎಂದು ನಗುತ್ತಾರೆ. ಆಗ ಒಬ್ಬ, ಒಬ್ಬನೇ ಒಬ್ಬ, "ಈ ದೋಣಿ ಬ್ಯಾಡ್ರಲೇ, ಮುಂದಿನದಕ್ಕ ಹೋಗಾಮು" ಅನ್ನಬೇಕು. ಸಿನಿಮಾದಲ್ಲಿ ಆ ಡೈಲಾಗಿಗೆ ಶಿಳ್ಳೆ ಬೀಳುವುದಿಲ್ಲ. ಆದರೆ ಐದು ಮನೆಗಳ ತಾಯಂದಿರ ಪಾಲಿಗೆ ಹೀರೋ ಅವನೇ.

ಹೋಗಿ ಬಂದು ಪತ್ರ ಬರೆಯಿರಿ. ಐದೂ ಸಹಿ ಇರಬೇಕು, ಹಾಂ!

ಮುಂದಿನ ವಾರ: ಊರಿನ ಹಳೆಯ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿದ ಕಥೆ. ನಿಮ್ಮೂರಿನ ಟಾಕೀಸಿನಲ್ಲಿ ನೀವು ನೋಡಿದ ಕೊನೆಯ ಚಿತ್ರ ಯಾವುದು? ಒಂದು ಕಾರ್ಡು ಹಾಕಿ.